ಹಳೇ ಜೀಪಿಗೆ ಎಂಜಿನ್ ಕೂರಿಸುವ ಮುಂಚೆ

ಹೈ ಬಾನೆಟ್ ಜೀಪು ತಗೊಂಡೆ ಅಂದೆಯಲ್ಲ, ಒಳ್ಳೆಯದು ಮಾಡಿದೆ. ತೋಟದ ಶೆಡ್ಡಿನಲ್ಲಿ ಕೋಳಿಗಳ ಪಾಲಾಗಿದ್ದ ಗಾಡಿ ಮತ್ತೆ ರಸ್ತೆ ಕಾಣುವುದಾದರೆ ಯಾರಿಗೆ ಬೇಡ? ಆದರೆ ಅದರ ಬೆನ್ನಿಗೇ "ದೊಡ್ಡಪ್ಪ, ಯಾವ ಎಂಜಿನ್ ಹಾಕಿಸಲಿ, ಥಾರ್‌ದು ಹಾಕಿಸಿಬಿಡಲಾ?" ಎಂದು ಕೇಳಿದೆ ನೋಡು, ಅಲ್ಲಿ ಸ್ವಲ್ಪ ತಡೆದುಕೋ ಮಾರಾಯ. ಈ ಕೆಲಸದಲ್ಲಿ ಎಂಜಿನ್ ಕೊನೆಗೆ ಬರಬೇಕಾದ ಮಾತು. ಎಲ್ಲ ಹುಡುಗರೂ ಅದನ್ನೇ ಮೊದಲು ಎತ್ತುತ್ತಾರೆ. ಅದಕ್ಕೇ ನಮ್ಮ ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆಯ ಎಷ್ಟೋ ಗ್ಯಾರೇಜುಗಳ ಹಿಂದೆ ಬಾನೆಟ್ ಬಿಚ್ಚಿದ ಜೀಪುಗಳು ಮಳೆಗೆ ನೆನೆಯುತ್ತಾ ನಿಂತಿರುತ್ತವೆ. ದುಡ್ಡೆಲ್ಲ ಎಂಜಿನ್ನಿಗೆ ಹೋಗಿ, ಉಳಿದದ್ದಕ್ಕೆ ಏನೂ ಉಳಿದಿರುವುದಿಲ್ಲ.

ಮೊದಲು ನಿನ್ನ ಕೈಗೆ ಬಂದಿರುವುದು ಏನು ಅಂತ ತಿಳಿದುಕೋ. ಹೈ ಬಾನೆಟ್ ಎಂದು ನಾವು ಕರೆಯುವ ಗಾಡಿ ವಿಲ್ಲೀಸ್ ಕಂಪನಿಯ ಸಿಜೆ 3ಬಿ. ಅಮೆರಿಕದಲ್ಲಿ ಅದು 1953ರ ಮಾದರಿಯಾಗಿ ಬಂತು. ಎರಡನೇ ಮಹಾಯುದ್ಧದ ಜೀಪಿನ ಎಂಜಿನ್ನಿನಲ್ಲಿ ವಾಲ್ವುಗಳೆಲ್ಲ ಬ್ಲಾಕಿನಲ್ಲೇ ಇದ್ದವು, ಶಕ್ತಿ 60 ಎಚ್‌ಪಿ. ಅದೇ 2199 ಸಿಸಿ ಎಂಜಿನ್ನಿನ ಇನ್ಲೆಟ್ ವಾಲ್ವುಗಳನ್ನು ಹೆಡ್ಡಿಗೆ ಏರಿಸಿ, ಎಕ್ಸಾಸ್ಟ್ ವಾಲ್ವುಗಳನ್ನು ಬ್ಲಾಕಿನಲ್ಲೇ ಬಿಟ್ಟರು. ಶಕ್ತಿ 70 ದಾಟಿತು, ಎಂಜಿನ್ನಿನ ಎತ್ತರವೂ ಬೆಳೆಯಿತು. ಅದನ್ನು ಮುಚ್ಚಲು ಬಾನೆಟ್ ಎತ್ತರಿಸಬೇಕಾಯಿತು. ಆ ಎಂಜಿನ್ನೇ ಹರಿಕೇನ್. ಅಮೆರಿಕದವರು ಈ ಮಾದರಿಯನ್ನು 1968ರಲ್ಲಿ ಕೈಬಿಟ್ಟರು. ಮಹೀಂದ್ರಾದವರು ಆಮೇಲೂ ವರ್ಷಗಟ್ಟಲೆ ಕಟ್ಟುತ್ತಲೇ ಹೋದರು. ಹಾಗಾಗಿ ನಮ್ಮಲ್ಲಿ ಇದರ ಬಿಡಿಭಾಗಕ್ಕೆ ಇವತ್ತೂ ಬರವಿಲ್ಲ.

ಎಂಜಿನ್ ಬದಲಿಸುವ ಪದ್ಧತಿ ನಮ್ಮಲ್ಲಿ ಶೋಕಿಯಿಂದ ಹುಟ್ಟಿದ್ದಲ್ಲ. ಪೆಟ್ರೋಲ್ ಜೀಪು ಏರು ದಾರಿಯಲ್ಲಿ ಕುಡಿಯುವ ಲೆಕ್ಕ ನೋಡಿ ತೋಟದವರು ಕಂಗಾಲಾಗಿದ್ದರು. ಡೀಸೆಲ್ ಅಗ್ಗವಿತ್ತು. ಗೊಬ್ಬರ, ಕಾಫಿ ಚೀಲ, ಆಳುಗಳು, ಆಸ್ಪತ್ರೆಗೆ ಹೋಗುವ ಬಾಣಂತಿ, ಎಲ್ಲದಕ್ಕೂ ಜೀಪೇ ಆಗಬೇಕಿದ್ದ ಕಾಲ. ಮಟಾಡೋರ್ ವ್ಯಾನಿನ ಎಂಜಿನ್, ಅಂಬಾಸಿಡರ್ ಡೀಸೆಲ್ ಎಂಜಿನ್, ಪ್ಯೂಜೋ ಎಂಜಿನ್, ಗುಜರಿಯಲ್ಲಿ ಯಾವುದು ಸಿಕ್ಕಿತೋ ಅದನ್ನು ಮೇಸ್ತ್ರಿಗಳು ಕೂರಿಸಿ ಓಡಿಸಿದರು. ಆ ಕಾರಣ ಈಗ ಸಡಿಲವಾಗಿದೆ. ಪೆಟ್ರೋಲ್ ಬೆಲೆಯ ಮೇಲಿನ ಸರ್ಕಾರದ ಹಿಡಿತ 2010ರಲ್ಲಿ ಹೋಯಿತು, ಡೀಸೆಲ್ಲಿನದ್ದು 2014ರಲ್ಲಿ. ಎರಡರ ನಡುವೆ ಆಗ ಇದ್ದಷ್ಟು ಅಂತರ ಈಗಿಲ್ಲ. ನೀನು ಬೆಂಗಳೂರಿನಿಂದ ಶನಿವಾರ ಬಂದು ಭಾನುವಾರ ಓಡಿಸುವವನು. ಡೀಸೆಲ್ಲಿನಲ್ಲಿ ಉಳಿಯುವ ದುಡ್ಡು ಎಂಜಿನ್ ಬದಲಿಸಿದ ಖರ್ಚನ್ನು ನಿನ್ನ ಆಯುಷ್ಯದಲ್ಲಿ ತೀರಿಸುವುದಿಲ್ಲ.

ಅದರಿಂದ ನನ್ನ ತೀರ್ಪು ಇಷ್ಟು. ಗಾಡಿಯಲ್ಲಿ ಹರಿಕೇನ್ ಎಂಜಿನ್ನೇ ಇದ್ದು, ಅದರ ನಂಬರ್ ಆರ್‌ಸಿಯಲ್ಲಿರುವ ನಂಬರಿಗೆ ತಾಳೆಯಾಗಿ, ಬ್ಲಾಕ್ ಬಿರುಕು ಬಿಟ್ಟಿಲ್ಲ ಎಂದಾದರೆ ಅದನ್ನು ಮುಟ್ಟಬೇಡ. ಬೋರ್ ಮಾಡಿಸಿ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿಸು, ಕಾರ್ಬುರೇಟರ್ ಸರಿಮಾಡಿಸು, ಅದು ನಿನ್ನ ಮಗನ ಕಾಲಕ್ಕೂ ಓಡುತ್ತದೆ. ಇದರಲ್ಲಿ ಇನ್ನೊಂದು ಲಾಭವಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಸ್ವಂತ ಬಳಕೆಯ ವಾಹನಕ್ಕೆ 2021ರಿಂದ ವಿಂಟೇಜ್ ಎಂಬ ಬೇರೆ ನೋಂದಣಿ ಬಂದಿದೆ. ಹೊಸದಾಗಿ ಮಾಡಿಸಲು 20,000 ರೂಪಾಯಿ, 10 ವರ್ಷದ ಅವಧಿ, ನಂಬರ್ ಪ್ಲೇಟಿನಲ್ಲಿ ವಿಎ ಎಂಬ ಅಕ್ಷರ. ಆದರೆ ಚಾಸಿಸ್, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಮಾಡಿದ ಗಾಡಿಗೆ ಆ ಬಾಗಿಲು ತೆರೆಯುವುದಿಲ್ಲ. ವಿಂಟೇಜ್ ಆದ ಗಾಡಿಯನ್ನು ದಿನನಿತ್ಯ ಓಡಿಸುವಂತೆಯೂ ಇಲ್ಲ ಅನ್ನು. ರ‍್ಯಾಲಿ, ಪ್ರದರ್ಶನ, ಎಣ್ಣೆ ಹಾಕಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ. ತೋಟಕ್ಕೆ ಓಡಾಡಬೇಕೆಂದರೆ ಅದು ನಿನಗೆ ಬೇಡ. ಆದರೂ ಹಳೇ ಎಂಜಿನ್ ಇಟ್ಟುಕೊಂಡವನಿಗೆ ಆ ದಾರಿ ತೆರೆದಿರುತ್ತದೆ, ಬದಲಿಸಿದವನಿಗೆ ಮುಚ್ಚಿಹೋಗುತ್ತದೆ.

ನೀನು ಹೇಳಿದ ಲಕ್ಷಣ ನೋಡಿದರೆ ನಿನ್ನ ಗಾಡಿಯ ಎಂಜಿನ್ ಎಂದೋ ಹೋಗಿ, ಯಾವುದೋ ವ್ಯಾನಿನದ್ದು ಕೂತು, ಅದೂ ಸೀಜ್ ಆಗಿ ನಿಂತಿದೆ. ಹಾಗಾದರೆ ಬದಲಿಸುವುದೇ ದಾರಿ. ಈಗ ಕೇಳು.

ಮೊದಲು ಕಾಗದ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವ ಹಾಗೆ ಮಾಲೀಕ ಏನನ್ನೂ ಬದಲಿಸುವ ಹಾಗಿಲ್ಲ. ಕೇರಳದಿಂದ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಮತ್ತೆ ಗಟ್ಟಿಮಾಡಿ ಹೇಳಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂದು, ಒಪ್ಪಿಗೆಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದಾಯಿತು. ಹಾಗಂತ ಎಂಜಿನ್ ಕೆಟ್ಟವನು ಗಾಡಿಯನ್ನು ಗುಜರಿಗೇ ಹಾಕಬೇಕೆಂದಲ್ಲ. ಕೆಲಸಕ್ಕೆ ಕೈಹಾಕುವ ಮುಂಚೆ ಆರ್‌ಟಿಓ ಕಚೇರಿಗೆ ಅರ್ಜಿ ಬರೆದು ಕೇಳು, ಬಾಯಿಮಾತಿನಲ್ಲಿ ಬೇಡ. ಅದೇ ಕಂಪನಿ ಅದೇ ಬಗೆಯ ಜೀಪಿಗೆ ಹಾಕುತ್ತಿದ್ದ ಎಂಜಿನ್ ಆದರೆ ನಿನ್ನ ವಾದಕ್ಕೆ ಕಾಲಿರುತ್ತದೆ. ಜಪಾನಿನ ಯಾವುದೋ ಆರು ಸಿಲಿಂಡರಿನದ್ದು ತಂದು ಎದುರಿಗಿಟ್ಟರೆ ಆ ಅಧಿಕಾರಿಯಾದರೂ ಏನು ಮಾಡಬೇಕು ಪಾಪ?

ಎಂಜಿನ್ ಕೊಳ್ಳುವಾಗ ಬಿಲ್ಲಿನಲ್ಲಿ ಎಂಜಿನ್ ನಂಬರ್ ಬರೆಸಿಕೋ. ಅದು ಬಂದ ಗಾಡಿಯ ಆರ್‌ಸಿ ರದ್ದಾದ ಕಾಗದದ ಪ್ರತಿಯನ್ನೂ ಕೇಳು. ಕೊಡುವುದಿಲ್ಲ ಎಂದರೆ ಆ ಎಂಜಿನ್ ಎಷ್ಟೇ ಚೆನ್ನಾಗಿರಲಿ ಬಿಟ್ಟು ಬಾ. ಕದ್ದ ಗಾಡಿಯ ಎಂಜಿನ್ ಮನೆಗೆ ತಂದು ಪೊಲೀಸರಿಗೆ ಕಾಫಿ ಕೊಡುವ ಉಸಾಬರಿ ನಮಗೇಕೆ? ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಪಡಿಯಚ್ಚು ತೆಗೆದು ಆರ್‌ಸಿಯ ಜೊತೆ ಹೋಲಿಸು. ಒಂದಂಕಿ ವ್ಯತ್ಯಾಸ ಕಂಡರೂ ಮೇಸ್ತ್ರಿಯ ಕೈಗೆ ಸ್ಪ್ಯಾನರ್ ಕೊಡಬೇಡ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ನಿನ್ನದು ಆ ಸುತ್ತು ಎಲ್ಲಿ ತಪ್ಪಿದೆ ನೋಡಿಕೋ. ಇನ್ಶೂರೆನ್ಸಿನವರಿಗೂ ಎಂಜಿನ್ ಬದಲಾದದ್ದನ್ನು ತಿಳಿಸಬೇಕು. ಆರ್‌ಸಿಯಲ್ಲಿ ಪೆಟ್ರೋಲ್ ಎಂದಿದ್ದು ಒಳಗೆ ಡೀಸೆಲ್ ಇದ್ದರೆ, ಅಪಘಾತವಾದ ದಿನ ಪಾಲಿಸಿ ಕೈಕೊಡಬಹುದು.

ಕಾಗದ ಸರಿಯಾದ ಮೇಲೆ ಬಾಡಿ ಇಳಿಸಿ ಚಾಸಿಸ್ ನೋಡು. ಬಾಡಿ ಇಳಿಸದೆ ಜೀಪಿನ ನಿಜ ಗೊತ್ತಾಗುವುದಿಲ್ಲ. ನಮ್ಮ ಮಳೆಯಲ್ಲಿ ಬಾಡಿ ಮತ್ತು ಚಾಸಿಸ್ ಕೂಡುವ ಕಡೆ ಕೆಸರು ಕೂತು ಒಳಗೊಳಗೇ ತುಕ್ಕು ತಿಂದಿರುತ್ತದೆ. ಹಿಂದಿನ ಸ್ಪ್ರಿಂಗ್ ಪ್ಲೇಟಿನ ಬ್ರಾಕೆಟ್ಟುಗಳ ಹತ್ತಿರ, ಸ್ಟೇರಿಂಗ್ ಬಾಕ್ಸ್ ಬೋಲ್ಟ್ ಆಗುವ ಕಡೆ, ಹಳೇ ಮೇಸ್ತ್ರಿ ಎಂಜಿನ್ ಫೌಂಡೇಶನ್ನಿಗೆ ಗ್ಯಾಸ್ ಕಟಿಂಗ್ ಮಾಡಿದ ಕಡೆ ಸೀಳು ಬಿಟ್ಟಿದೆಯಾ ನೋಡು. ಸುತ್ತಿಗೆಯಲ್ಲಿ ತಟ್ಟಿದರೆ ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಕೊಳೆತದ್ದು ಬೇರೆ ಶಬ್ದ ಕೊಡುತ್ತದೆ. ಸೀಳಿನ ಮೇಲೆ ಬರೀ ವೆಲ್ಡಿಂಗ್ ಎಳೆದರೆ ಅದರ ಪಕ್ಕದಲ್ಲೇ ಇನ್ನೊಂದು ಸೀಳು ಬರುತ್ತದೆ. ಸೀಳಿನ ತುದಿಗೆ ತೂತು ಕೊರೆದು, ವೆಲ್ಡ್ ತುಂಬಿ, ಮೇಲೆ ಪ್ಲೇಟು ಕೂರಿಸಬೇಕು. ಚಾಸಿಸ್ಸನ್ನು ಮೂಲೆಯಿಂದ ಮೂಲೆಗೆ ಅಳೆದು ಎರಡೂ ಕರ್ಣ ಸಮ ಇವೆಯೇ ನೋಡುವುದನ್ನು ಮರೆಯಬೇಡ.

ಆಮೇಲೆ ಬ್ರೇಕು. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಹಳೇ ಜೀಪಿನ ಬ್ರೇಕು 9 ಇಂಚಿನ ಡ್ರಮ್ಮಿನದು, ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದು. ಎಲ್ಲಾದರೂ ಒಂದು ಪೈಪು ಒಡೆದರೆ ನಾಲ್ಕು ಚಕ್ರದ ಬ್ರೇಕೂ ಒಟ್ಟಿಗೆ ಹೋಗುತ್ತದೆ. 60-70 ಎಚ್‌ಪಿಯ ಗಾಡಿಯನ್ನು 50 ಕಿಲೋಮೀಟರ್ ವೇಗದಲ್ಲಿ ಓಡಿಸುತ್ತಿದ್ದವರಿಗೆ ಅದು ಸಾಕಿತ್ತು. ನೀನು ಹೊಸ ಎಂಜಿನ್ ಹಾಕಿ ಚಾರ್ಮಾಡಿ ಘಾಟಿ ಇಳಿಯುವವನು. ಹಾಗಾಗಿ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್, ಮುಂದಿನ ಚಕ್ರಕ್ಕೆ ದೊಡ್ಡ ಡ್ರಮ್ ಅಥವಾ ಡಿಸ್ಕ್, ಹೊಸ ಪೈಪುಗಳು, ಇವು ಎಂಜಿನ್ನಿಗಿಂತ ಮೊದಲು. ಕಿಂಗ್ ಪಿನ್ ಬೇರಿಂಗ್, ಬೆಲ್ ಕ್ರ್ಯಾಂಕ್, ಟೈ ರಾಡ್ ಎಂಡ್ ಸವೆದಿದ್ದರೆ ವೇಗ ಹಿಡಿದಾಗ ಸ್ಟೇರಿಂಗು ಕೈ ಬಿಡಿಸಿಕೊಳ್ಳುವ ಹಾಗೆ ನಡುಗುತ್ತದೆ. ಹೊಸ ಎಂಜಿನ್ ಹಾಕಿದ ಮೇಲೆ ನಡುಗುತ್ತಿದೆ ಎಂದು ಎಂಜಿನ್ನನ್ನು ಬೈಯುವವರನ್ನು ಬೇಕಾದಷ್ಟು ನೋಡಿದ್ದೇನೆ. ನಡುಕ ಮೊದಲಿಂದಲೂ ಇತ್ತು, ಆ ವೇಗಕ್ಕೆ ಗಾಡಿ ಅದುವರೆಗೆ ಹೋಗಿರಲಿಲ್ಲ ಅಷ್ಟೇ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಕಾಡುದಾರಿಯ ಗಾಡಿಗೆ ಎಚ್‌ಪಿ ನೋಡಿ ಎಂಜಿನ್ ಆರಿಸಬಾರದು. ನಿನ್ನ ಜೀಪಿನ ಮೂರು ಗೇರಿನ ಬಾಕ್ಸಿನಲ್ಲಿ ಮೊದಲ ಗೇರು 2.8. ಟ್ರಾನ್ಸ್‌ಫರ್ ಕೇಸಿನಲ್ಲಿ ಲೋ ಹಾಕಿದರೆ 2.4 ಚಿಲ್ಲರೆ. ಆಕ್ಸಲ್ ಹೌಸಿಂಗಿನೊಳಗಿನ ಕ್ರೌನ್ ಪಿನಿಯನ್ 5.38. ಮೂರನ್ನೂ ಗುಣಿಸಿದರೆ 37ರ ಹತ್ತಿರ ಬರುತ್ತದೆ. ಎಂಜಿನ್ 37 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಆಕ್ಸಿಲರೇಟರ್ ಒತ್ತದೆ ಬಿಟ್ಟರೆ ಗಾಡಿ ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ಗುಡ್ಡ ಹತ್ತುತ್ತದೆ. ಹಳೇ ಜೀಪಿನ ಹೆಚ್ಚುಗಾರಿಕೆ ಈ ಗುಣಾಕಾರದಲ್ಲಿದೆ, ಎಂಜಿನ್ನಿನಲ್ಲಲ್ಲ. ಆದ್ದರಿಂದ ಕಡಿಮೆ ಸುತ್ತಿನಲ್ಲಿ ಎಳೆಯುವ, ಆದರೆ ಹಳೇ ಹಾಫ್ ಶಾಫ್ಟುಗಳನ್ನು ಮುರಿಯದ ಎಂಜಿನ್ ಬೇಕು.

ಹರಿಕೇನ್ ಎಳೆತ ಸುಮಾರು 155 ನ್ಯೂಟನ್ ಮೀಟರ್. ಎಂಎಂ 540 ಜೀಪಿನಲ್ಲಿ ಬರುತ್ತಿದ್ದ ಪ್ಯೂಜೋ ಎಕ್ಸ್‌ಡಿಪಿ ಎಂಜಿನ್ 2112 ಸಿಸಿ, 60 ಎಚ್‌ಪಿ ಚಿಲ್ಲರೆ, ಎಳೆತ 120ರ ಆಸುಪಾಸು. ಮೆತ್ತಗೆ ಓಡುತ್ತದೆ, ಮೇಲಿನ ಸುತ್ತಿಗೆ ಹೋಗುತ್ತದೆ, ಕಾರಿನ ಎಂಜಿನ್ ಹುಟ್ಟು ಅದರದು. ಹೀಟರ್ ಪ್ಲಗ್ ಸರಿಯಿಲ್ಲದಿದ್ದರೆ ಡಿಸೆಂಬರಿನ ಬೆಳಿಗ್ಗೆ ಏಳುವುದಿಲ್ಲ. ಮಹೀಂದ್ರಾದ ಡಿಐ ಎಂಜಿನ್ 2523 ಸಿಸಿ. ಅದರ ಪಿಸ್ಟನ್ನಿನ ಅಗಲ 88.9 ಮಿಲಿಮೀಟರ್ ಆದರೆ ಅದು ಓಡುವ ದೂರ 101.6. ಉದ್ದ ಹೊಡೆತದ ಎಂಜಿನ್. ತಳದ ಸುತ್ತಿನಲ್ಲೇ ಎಳೆಯುತ್ತದೆ, ಚಳಿಯಲ್ಲೂ ಸೆಲ್ಫ್ ಹೊಡೆದ ತಕ್ಷಣ ಏಳುತ್ತದೆ, ಪಂಪು ಮೆಕ್ಯಾನಿಕಲ್, ಊರ ಡೀಸೆಲ್ ಮೇಸ್ತ್ರಿಗೆ ಅದರ ಹೊಟ್ಟೆಯೊಳಗಿನದೆಲ್ಲ ಬಾಯಿಪಾಠ. ಅದೇ 2523ಕ್ಕೆ ಟರ್ಬೊ ಕೂರಿಸಿ ಮೊದಲ ಥಾರಿಗೆ ಹಾಕಿದಾಗ 63 ಎಚ್‌ಪಿ, 182 ನ್ಯೂಟನ್ ಮೀಟರ್ ಇತ್ತು. ಕೆಟ್ಟದ್ದು ಏನೆಂದರೆ ತೂಕ ಮತ್ತು ನಡುಕ. ಗಾಡಿ ನಿಂತಲ್ಲೇ ಕುಣಿಯುತ್ತದೆ, ಮುಂದಿನ ಪ್ಲೇಟುಗಳನ್ನು ಬಲಪಡಿಸಬೇಕಾಗುತ್ತದೆ.

ನೀನು ಕೇಳಿದ ಥಾರಿನ ಸಿಆರ್‌ಡಿಇ ಎಂಜಿನ್ 2498 ಸಿಸಿ, 105 ಎಚ್‌ಪಿ, 247 ನ್ಯೂಟನ್ ಮೀಟರ್. ಒಳ್ಳೆಯ ಎಂಜಿನ್, ಸಂಶಯವಿಲ್ಲ. ಆದರೆ 247ನ್ನು 37ರಿಂದ ಗುಣಿಸಿ ನೋಡು. ಅಷ್ಟು ಬಲ ಬಂಡೆ ಸಂದಿಯಲ್ಲಿ ಸಿಕ್ಕಿಕೊಂಡ ಒಂದು ಚಕ್ರದ ಮೇಲೆ ಬಿದ್ದರೆ, 155ಕ್ಕೆಂದು ಮಾಡಿದ ಹಳೇ ಹಾಫ್ ಶಾಫ್ಟ್ ಎಷ್ಟು ದಿನ ತಡೆದೀತು? ಹಾಗಾಗಿ ಅದನ್ನು ಹಾಕಿದವನು ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡು ಹೌಸಿಂಗ್ ಎಲ್ಲವನ್ನೂ ಬದಲಿಸುತ್ತಾ ಹೋಗಿ, ಕಡೆಗೆ ಜೀಪಿನದು ಎಂದು ಉಳಿಯುವುದು ಬಾನೆಟ್ಟು ಮತ್ತು ಆರ್‌ಸಿ ಮಾತ್ರ. ಜೊತೆಗೆ ಅದರ ಕಂಪ್ಯೂಟರು, ಪೂರ್ತಿ ವೈರಿಂಗು, ಪೆಡಲಿನ ಸೆನ್ಸರು, ಕೀಲಿ ಎಲ್ಲ ಒಂದೇ ಗಾಡಿಯಿಂದ ಬಿಚ್ಚಿ ತಂದಿರಬೇಕು. ಒಂದು ವೈರು ಕತ್ತರಿಸಿ ತಂದರೆ, ಹಳ್ಳದ ನಡುವೆ ಗಾಡಿ ನಿಂತಾಗ ಹುಡುಕಲು ನಿನ್ನ ಸಾಫ್ಟ್‌ವೇರ್ ಗೆಳೆಯರನ್ನೇ ಕರೆತರಬೇಕು.

ನಾನಾದರೆ ಟರ್ಬೊ ಇಲ್ಲದ ಡಿಐ ಹಾಕಿಸುತ್ತಿದ್ದೆ. ಹೆದ್ದಾರಿಯೇ ಹೆಚ್ಚು ಎನ್ನುವುದಾದರೆ ಪ್ಯೂಜೋ. ಮೂರನೆಯ ಆಯ್ಕೆ ನಿನಗೆ ಬೇಡ.

ಎಂಜಿನ್ ಯಾವುದೇ ಆಗಲಿ, ಗೇರ್ ಬಾಕ್ಸ್ ಜೊತೆಗೇ ಕೊಂಡುಕೋ. ಎಂಜಿನ್ ಒಂದು ಕಡೆಯಿಂದ, ಗೇರ್ ಬಾಕ್ಸ್ ಇನ್ನೊಂದು ಕಡೆಯಿಂದ ತಂದು ನಡುವೆ ಅಡಾಪ್ಟರ್ ಪ್ಲೇಟು ಹಾಕುವುದು ಲೇತಿನವನಿಗೆ ಸುಲಭದ ಮಾತು, ಗಾಡಿಗೆ ಕಷ್ಟದ್ದು. ಕ್ರ್ಯಾಂಕಿನ ಕೇಂದ್ರವೂ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟಿನ ಕೇಂದ್ರವೂ ಒಂದೇ ಗೆರೆಯಲ್ಲಿ ಇರಬೇಕು. ಡಯಲ್ ಗೇಜ್ ಹಿಡಿದು ಸುತ್ತಿಸಿದಾಗ ಐದು ಥೌಗಿಂತ, ಅಂದರೆ ಇಂಚಿನ ಸಾವಿರದಲ್ಲಿ ಐದು ಭಾಗಕ್ಕಿಂತ, ಹೆಚ್ಚು ಆಡಬಾರದು. ಕಣ್ಣಂದಾಜಿನಲ್ಲಿ ಕೂರಿಸಿದರೆ ಮೊದಲು ಕ್ಲಚ್ ಪ್ಲೇಟಿನ ನಡುಭಾಗ ಒಡೆಯುತ್ತದೆ, ಆಮೇಲೆ ಬಾಕ್ಸಿನ ಮುಂದಿನ ಬೇರಿಂಗ್ ಕೂಗುತ್ತದೆ, ಆಮೇಲೆ ಗೇರು ತಾನಾಗಿ ಹಾರತೊಡಗುತ್ತದೆ. ಮೇಸ್ತ್ರಿ ಒಂದೊಂದನ್ನೇ ಬದಲಿಸುತ್ತಾ ಬಿಲ್ಲು ಬರೆಯುತ್ತಿರುತ್ತಾನೆ. ಡಯಲ್ ಗೇಜ್ ಇದೆಯಾ ಎಂದು ಕೇಳು. ಇಲ್ಲ ಎಂದ ಗ್ಯಾರೇಜಿನಿಂದ ನಮಸ್ಕಾರ ಹೇಳಿ ಹೊರಟುಬಿಡು.

ಐದು ಗೇರಿನ ಬಾಕ್ಸ್ ಬೇಕು ಎಂಬ ಆಸೆಯೂ ಇರುತ್ತದೆ. ಇಲ್ಲಿ ಟೇಪು ಹಿಡಿ. ನಿನ್ನ ಜೀಪಿನ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 80 ಇಂಚು. ಎಂಎಂ 540ರದು 91. ಆ 11 ಇಂಚಿನಲ್ಲೇ ಎಲ್ಲ ವ್ಯತ್ಯಾಸ. ಉದ್ದದ ಬಾಕ್ಸ್ ಕೂರಿಸಿದರೆ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಗೇಣುದ್ದಕ್ಕೆ ಬರುತ್ತದೆ. ಗಾಡಿಯನ್ನು ಎತ್ತರಿಸಿದ್ದರೆ ಅದರ ಓರೆ ಇನ್ನೂ ಹೆಚ್ಚಿ, ಶಾಫ್ಟಿನ ಜಾಯಿಂಟಿನ ಕ್ರಾಸುಗಳು ತಿಂಗಳಿಗೊಂದರಂತೆ ಹೋಗುತ್ತವೆ. ಇನ್ನೊಂದು: ಹಳೇ ಟ್ರಾನ್ಸ್‌ಫರ್ ಕೇಸಿನಿಂದ ಶಾಫ್ಟುಗಳು ಒಂದು ಬದಿಗೆ ಸರಿದು ಹೊರಡುತ್ತವೆ, ಹೌಸಿಂಗಿನ ಗುಂಡೂ ಅದೇ ಬದಿಗಿದೆ. ಹೊಸ ಕೇಸಿನಲ್ಲಿ ಹಿಂದಿನ ಶಾಫ್ಟು ನಡುವಿನಿಂದ ಹೊರಟರೆ ಹಿಂದಿನ ಹೌಸಿಂಗನ್ನೂ ಬದಲಿಸದೆ ಗತಿಯಿಲ್ಲ. ಮತ್ತೆ ಹ್ಯಾಂಡ್ ಬ್ರೇಕು! ಹಳೇ ಜೀಪಿನಲ್ಲಿ ಅದು ಚಕ್ರಕ್ಕಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಶಾಫ್ಟಿಗೆ ಹಿಡಿಯುತ್ತದೆ. ಕೇಸು ಬದಲಾದ ದಿನ ಹ್ಯಾಂಡ್ ಬ್ರೇಕೂ ಗುಜರಿಗೆ ಹೋಗಿರುತ್ತದೆ, ಇಳಿಜಾರಿನಲ್ಲಿ ನಿಲ್ಲಿಸಿದಾಗಲೇ ಅದು ನೆನಪಾಗುವುದು.

ವೇಗದ ಲೆಕ್ಕವನ್ನೂ ಕೊಳ್ಳುವ ಮುಂಚೆಯೇ ಮಾಡು. 6.00-16 ಟೈರಿನ ಎತ್ತರ 28 ಇಂಚು ಚಿಲ್ಲರೆ. ಡಿಐ ಎಂಜಿನ್ 3000 ಸುತ್ತಿನಲ್ಲಿದ್ದು, ಟಾಪ್ ಗೇರು ನೇರವಾಗಿದ್ದು, ಕ್ರೌನ್ 5.38 ಇದ್ದರೆ ಗಾಡಿ ಓಡುವುದು 76 ಕಿಲೋಮೀಟರ್. ಅದಕ್ಕಿಂತ ಹೆಚ್ಚು ಒತ್ತಿದರೆ ಎಂಜಿನ್ ಗೋಳಾಡುತ್ತದೆ. ತೋಟಕ್ಕೆ ಇದು ಧಾರಾಳ, ಬೆಂಗಳೂರಿಗೆ ಸಾಲದು. 4.88 ಅಥವಾ ಅದಕ್ಕೂ ಕಡಿಮೆಯ ಕ್ರೌನ್ ಹಾಕಿದರೆ ವೇಗ ಹೆಚ್ಚುತ್ತದೆ, ಏರಿನ ಎಳೆತ ಕುಗ್ಗುತ್ತದೆ. ಹಾಕುವುದಾದರೆ ಮುಂದಿನದ್ದು ಹಿಂದಿನದ್ದು ಎರಡೂ ಒಂದೇ ಅಳತೆಯದಾಗಿರಬೇಕು. ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ಕ್ಷಣ ಎರಡೂ ಹೌಸಿಂಗು ಪರಸ್ಪರ ಜಗ್ಗಾಡಿ ಟ್ರಾನ್ಸ್‌ಫರ್ ಕೇಸು ಹರಿದುಹೋಗುತ್ತದೆ. ದೊಡ್ಡ ಟೈರು ಹಾಕಿದರೂ ಇದೇ ಲೆಕ್ಕ ಬದಲಾಗುತ್ತದೆ. 33 ಇಂಚಿನ ಟೈರು ಹಾಕಿದೆ ಎಂದರೆ ನಿನ್ನ 5.38 ಸುಮಾರು 4.65ರ ಹಾಗೆ ವರ್ತಿಸುತ್ತದೆ.

ಪೆಟ್ರೋಲ್ ಗಾಡಿಯನ್ನು ಡೀಸೆಲ್ ಮಾಡುವಾಗ ಸಣ್ಣಪುಟ್ಟವನ್ನೇ ಮೇಸ್ತ್ರಿಗಳು ಮರೆಯುವುದು. ಡೀಸೆಲ್ ಪಂಪು ಮತ್ತು ಇಂಜೆಕ್ಟರುಗಳಿಂದ ಉಳಿದ ಎಣ್ಣೆ ಟ್ಯಾಂಕಿಗೆ ವಾಪಸ್ ಹೋಗಬೇಕು. ಡ್ರೈವರ್ ಸೀಟಿನ ಕೆಳಗಿರುವ ಹಳೇ ಟ್ಯಾಂಕಿಗೆ ರಿಟರ್ನ್ ಪೈಪಿನ ದಾರಿಯೇ ಇರುವುದಿಲ್ಲ, ಅದನ್ನು ಮಾಡಿಸಬೇಕು. ಟ್ಯಾಂಕಿಗೆ ವೆಲ್ಡಿಂಗ್ ಹಿಡಿಸುವ ಮುಂಚೆ ಒಳಗೆ ಪೆಟ್ರೋಲಿನ ಆವಿ ಪೂರ್ತಿ ಹೋಗುವಂತೆ ತೊಳೆಸು. ಈ ಒಂದು ಕೆಲಸದಲ್ಲಿ ಅವಸರಪಟ್ಟು ಜನ ಜೀವ ಕಳೆದುಕೊಂಡದ್ದಿದೆ. ಬ್ರೇಕಿಗೆ ಬೂಸ್ಟರ್ ಹಾಕಿದರೆ ಅದಕ್ಕೆ ವ್ಯಾಕ್ಯೂಮ್ ಬೇಕು. ಪೆಟ್ರೋಲ್ ಎಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ಅದು ತಾನಾಗಿ ಸಿಗುತ್ತದೆ, ಡೀಸೆಲ್ಲಿನಲ್ಲಿ ಸಿಗುವುದಿಲ್ಲ. ಆಲ್ಟರ್ನೇಟರಿನ ಜೊತೆ ವ್ಯಾಕ್ಯೂಮ್ ಪಂಪು ಇರುವುದನ್ನೇ ಆರಿಸು. ಮೊದಲಿನ ಜೀಪುಗಳ ಕರೆಂಟು 6 ವೋಲ್ಟಿನದು, ಡೀಸೆಲ್ ಎಂಜಿನ್ನಿನ ಸೆಲ್ಫ್‌ಗೆ 12 ಬೇಕು. ವೈರಿಂಗ್ ಹೊಸದಾಗಿಯೇ ಎಳೆಸು. ರೇಡಿಯೇಟರಿಗೆ ದಪ್ಪ ಕೋರ್ ಹಾಕಿಸಿ, ಫ್ಯಾನಿನ ಸುತ್ತ ತಗಡಿನ ಗೂಡು ಕಟ್ಟಿಸು. ನಮ್ಮ ದಾರಿಯಲ್ಲಿ ಗಾಡಿ ನಡೆಯುವ ವೇಗದಲ್ಲಿ ಹತ್ತುತ್ತದೆ, ಎದುರುಗಾಳಿಯ ಸಹಾಯ ಸಿಗುವುದಿಲ್ಲ, ಫ್ಯಾನೇ ಗತಿ.

ಎಂಜಿನ್ ಫೌಂಡೇಶನ್ ವೆಲ್ಡ್ ಮಾಡುವ ಮುಂಚೆ ಒಂದು ಪರೀಕ್ಷೆ ಮಾಡಿಸು. ಎಂಜಿನ್ನನ್ನು ಜಾಗದಲ್ಲಿ ತೂಗುಹಾಕಿ, ಮುಂದಿನ ಹೌಸಿಂಗನ್ನು ಜಾಕ್ ಕೊಟ್ಟು ರಬ್ಬರ್ ಬಂಪಿಗೆ ತಾಗುವವರೆಗೆ ಎತ್ತು. ಆಗಲೂ ಹೌಸಿಂಗಿನ ಗುಂಡಿಗೂ ಎಂಜಿನ್ನಿನ ಸಂಪಿಗೂ ನಡುವೆ ನಿನ್ನ ಎರಡು ಬೆರಳು ಹೋಗಬೇಕು. ಗಾಡಿ ನಿಂತಾಗ ಇರುವ ಜಾಗ ನೋಡಿ ವೆಲ್ಡ್ ಮಾಡಿದರೆ, ಮೊದಲನೇ ಹೊಂಡಕ್ಕೆ ಸಂಪು ಒಡೆದು ಎಣ್ಣೆಯೆಲ್ಲ ನೆಲಕ್ಕೆ.

ಬಾಡಿ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿನ್ನ ಕಣ್ಣಿಗೆ ಬಿಟ್ಟಿದ್ದು. ತಗಡು ದಪ್ಪದ್ದೇ ಇರಲಿ. ಪುಟ್ಟಿ ಮೆತ್ತಿದ್ದಾರಾ ಎಂದು ಅಯಸ್ಕಾಂತ ಹಿಡಿದು ನೋಡು, ಪುಟ್ಟಿಗೆ ಅದು ಅಂಟುವುದಿಲ್ಲ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಕಟ್ಟುವ ಜೀಪುಗಳ ವಿಡಿಯೋ ನೋಡಿ, ಆಳೆತ್ತರದ ಟೈರು, ಹತ್ತು ಲೈಟು, ಬಸ್ಸಿನ ಹಾರನ್ನು ಎಂದು ಪಟ್ಟಿ ಮಾಡಬೇಡ. ಮುಂದೆ ಕಬ್ಬಿಣದ ಗಾರ್ಡು ಕಟ್ಟುವುದಕ್ಕೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಕೊನೆಯಲ್ಲೇ ಬೇಡ ಎಂದಿದೆ. ಕ್ಯಾನ್ವಾಸ್ ಹುಡ್ಡು, ಹಳೇ ದುಂಡು ದೀಪ, ಚಪ್ಪಟೆ ಮಡ್‌ಗಾರ್ಡು, ಆ ಗಾಡಿಗೆ ಇದಕ್ಕಿಂತ ಚೆಂದ ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ನಿಮ್ಮ ದೊಡ್ಡಮ್ಮ ಮಾತ್ರ ಎಸಿ ಹಾಕಿಸಲಿ ಎನ್ನುತ್ತಾಳೆ.

ಮೇಸ್ತ್ರಿಯ ವಿಷಯ. ಯಾರು ಅಗ್ಗ ಎಂದು ಕೇಳಬೇಡ, ಯಾರ ಹತ್ತಿರ ಮುಗಿದ ಜೀಪುಗಳಿವೆ ಎಂದು ಕೇಳು. ಮುಗಿದು ಎರಡು ಮಳೆಗಾಲ ಕಂಡ ಗಾಡಿಯ ಮಾಲೀಕನ ಹತ್ತಿರ ಮಾತಾಡು. ದುಡ್ಡನ್ನು ಒಟ್ಟಿಗೆ ಕೊಡದೆ ಕೆಲಸದ ಹಂತ ನೋಡಿ ಕೊಡು: ಚಾಸಿಸ್ ಮುಗಿದಾಗ ಇಷ್ಟು, ಬ್ರೇಕು ಸ್ಟೇರಿಂಗ್ ಮುಗಿದಾಗ ಇಷ್ಟು, ಎಂಜಿನ್ ಏರಿದಾಗ ಇಷ್ಟು. ಒಟ್ಟು ಖರ್ಚಿನ ಅರ್ಧವನ್ನಾದರೂ ಎಂಜಿನ್ ಅಲ್ಲದ ಕೆಲಸಕ್ಕೆ ಎತ್ತಿಡು. ಬಿಚ್ಚುವ ಮುಂಚೆ ಎಲ್ಲದರ ಫೋಟೋ ತೆಗೆ, ಬಿಚ್ಚಿದ ನಟ್ಟು ಬೋಲ್ಟುಗಳನ್ನು ಚೀಲಕ್ಕೆ ಹಾಕಿ ಹೆಸರು ಬರೆದಿಡು. ತೆಗೆದ ಹಳೇ ಸಾಮಾನು ನಿನ್ನದು, ಮನೆಗೆ ತಂದಿಟ್ಟುಕೋ. ಒಮ್ಮೆ ಒಬ್ಬನಿಗೆ ಒಪ್ಪಿಸಿದ ಮೇಲೆ ನಡುವೆ ಇನ್ನೊಬ್ಬನನ್ನು ಕರೆದು ಅಭಿಪ್ರಾಯ ಕೇಳಬೇಡ. ಎರಡನೆಯವನು ಮೊದಲನೆಯವನ ಕೆಲಸ ಸರಿಯಿದೆ ಎಂದದ್ದನ್ನು ಈ ತಾಲ್ಲೂಕಿನಲ್ಲಿ ಯಾರೂ ಕೇಳಿಲ್ಲ.

ಗಾಡಿ ಎದ್ದು ನಿಂತ ದಿನ ಕೊಡಚಾದ್ರಿ, ಮಂಡಲಪಟ್ಟಿ ಎಂದು ಹೊರಟುಬಿಡಬೇಡ. ಮೊದಲ ವಾರ ಊರ ಸುತ್ತಲೇ ಓಡಿಸು. ಪ್ರತಿ ಸಲ ಬಂದಾಗ ಕೆಳಗೆ ಮಲಗಿ ಎಲ್ಲಿ ಎಣ್ಣೆ ತೊಟ್ಟಿಕ್ಕುತ್ತಿದೆ, ಯಾವ ಪೈಪು ಎಲ್ಲಿಗೆ ಉಜ್ಜುತ್ತಿದೆ ನೋಡು. ಪ್ಲೇಟಿನ ಯು ಬೋಲ್ಟುಗಳು, ಫೌಂಡೇಶನ್ ಬೋಲ್ಟುಗಳು, ಪ್ರೊಪೆಲ್ಲರ್ ಶಾಫ್ಟಿನ ನಟ್ಟುಗಳು ಮೊದಲ ಓಡಾಟದಲ್ಲಿ ಸಡಿಲವಾಗಿಯೇ ಆಗುತ್ತವೆ, ಮತ್ತೆ ಬಿಗಿಮಾಡು. ಸಾವಿರ ಕಿಲೋಮೀಟರಿಗೆ ಎಂಜಿನ್ ಆಯಿಲ್ ಬದಲಿಸು, ಗೇರ್ ಬಾಕ್ಸ್ ಮತ್ತು ಹೌಸಿಂಗಿನ ಎಣ್ಣೆ ಇಳಿಸಿ ಕಬ್ಬಿಣದ ಪುಡಿ ಬಂದಿದೆಯಾ ನೋಡು. ಅದೆಲ್ಲ ಆದ ಮೇಲೆ ಈ ಕಡೆ ಬಾ, ನಮ್ಮ ತೋಟದ ಮೇಲಿನ ದಾರಿಯಲ್ಲಿ ಹತ್ತಿಸಿ ನೋಡೋಣ. ಎಳೆಯುವ ಹಗ್ಗ ನನ್ನ ಹತ್ತಿರ ಇದೆ, ಎರಡು ಡಿ ಶ್ಯಾಕಲ್ ನೀನು ತಾ.